ಹೆಂಗಸರ ಬ್ಯಾರಕ್ಕಿಗೆ ಬಂದ ಮೋಟಾರು

ಜೈಲಿನಲ್ಲಿ ಹೆಣ್ಣು ಗಂಡಿಗೆ ಸಮಾನ ತರಬೇತಿ ಸಿಗುತ್ತಿದೆಯೇ ಎಂದು ನೋಡಲು ಇಲಾಖೆ ನನ್ನನ್ನು ಕಳಿಸಿತ್ತು. ಗಂಡಸರಿಗೆ ಸುಟ್ಟ ಪಂಪ್‌ಸೆಟ್ ಮೋಟಾರುಗಳ ರಿಪೇರಿ ಕಲಿಸುತ್ತಿದ್ದರು, ಹೆಂಗಸರಿಗೆ ಕಸೂತಿ. ಎರಡೂ ತರಬೇತಿಯೇ ಎಂದರು ಜೈಲರ್.

ಗುಡೇಕೋಟೆಯ ಹನುಮಕ್ಕನಿಗೆ ಬಿಡುಗಡೆ ಹತ್ತಿರವಿತ್ತು. "ನಮ್ಮೂರಾಗ ಕಸೂತಿ ಯಾರಿಗೆ ಬೇಕ್ರಿ? ಜೈಲಿಂದ ಬಂದಾಕಿನ್ನ ಕೂಲಿಗೂ ಕರಿಯಂಗಿಲ್ಲ. ಮೋಟಾರು ಕಲಿಸ್ರಿ, ಅವು ದಿನಾ ಸುಡ್ತಾವ," ಎಂದಳು.

ಹೆಂಗಸರು ಗಂಡಸರ ಕಡೆ ಹೋಗುವಂತಿಲ್ಲ. ಮೋಟಾರು ಕಲಿಸುವ ಮೇಷ್ಟ್ರು ಹೆಂಗಸರ ಕಡೆ ಬಂದರೆ ಮಹಿಳಾ ವಾರ್ಡರ್ ಪಾಠ ಮುಗಿಯುವವರೆಗೆ ಜೊತೆಗಿರಬೇಕು. "ಅಷ್ಟೊತ್ತು ಯಾರು ಕುಂದರ್ತಾರ್ರಿ?" ಎಂದು ಜೈಲರ್ ನಕ್ಕರು. ನನಗೂ ನಂಬಿಕೆಯಿರಲಿಲ್ಲ.

ಬಾಗಿಲಲ್ಲಿದ್ದ ವಾರ್ಡರ್ ಗಂಗಮ್ಮ, "ನಾ ಕುಂದರ್ತೀನ್ರಿ ಸಾಹೇಬ್ರ. ಹಂಪಸಾಗರದಾಗ ನಮ್ಮ ಹೊಲದ ಮೋಟಾರೂ ಸುಟ್ಟೈತಿ, ನೀರಿಲ್ದ ಮೆಣಸಿನಗಿಡ ಒಣಗಾಕತ್ತಾವ. ತರ್ತೀನಿ, ಅದರ ಮ್ಯಾಲ ಕಲೀಲಿ," ಎಂದರು. ಜೈಲರಿಗೆ ಬೇರೆ ನೆಪ ಉಳಿಯಲಿಲ್ಲ.

ಮರುವಾರ ಹನುಮಕ್ಕ ಆ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಗಂಗಮ್ಮ ಪಕ್ಕದಲ್ಲೇ ಕುಳಿತು, "ಬಿಗಿಯಾಗಿ ಸುತ್ತಲೇ, ನಂದು ಅದು," ಎಂದು ಗದರುತ್ತಿದ್ದರು. ನನಗೆ ನಿರಾಳವಾಯಿತು. ಸಮಾನತೆ ತಂದದ್ದು ಗಂಗಮ್ಮನ ಹೊಲದಲ್ಲಿ ಒಣಗುತ್ತಿದ್ದ ಮೆಣಸಿನಗಿಡಗಳು. ಹೆಸರು ನಮ್ಮ ಇಲಾಖೆಗೆ ಬಂತು, ಗಿಡಗಳು ತಕರಾರು ಮಾಡಲಿಲ್ಲ.