ಹತ್ತಿಮತ್ತೂರಿನಲ್ಲಿ ಸರಿಸಿದ ಪರದೆ

ನಮ್ಮ ಕಡೆ ಹೆಂಗಸಿನ ಸಿಟ್ಟು ಬಾಯಿಗಿಂತ ಮೊದಲು ರೊಟ್ಟಿ ಬಡಿಯುವ ಸದ್ದಿನಲ್ಲಿ ಕೇಳಿಸುತ್ತದೆ. ಮನಸ್ಸು ನೆಟ್ಟಗಿದ್ದ ದಿನ ಅಂಗೈ ಒಂದೇ ಲಯದಲ್ಲಿ ಬೀಳುತ್ತದೆ. ಕೆಟ್ಟ ದಿನ ಮಣೆಯೇ ಮೇಲಕ್ಕೆ ಹಾರುತ್ತದೆ. ಆಗ ಪಡಸಾಲೆಯಲ್ಲಿ ಕೂತ ಗಂಡಸರು ದನಿ ತಗ್ಗಿಸುತ್ತಾರೆ, ಇಲ್ಲವೇ ಚಪ್ಪಲಿ ಮೆಟ್ಟಿಕೊಂಡು ಪೇಟೆಯ ಕಡೆ ಹೋಗುತ್ತಾರೆ. ಹಿರೇಕೆರೂರಿನ ಗಂಡನ ಮನೆಯಲ್ಲಿ ಇಪ್ಪತ್ತು ವರ್ಷ ನಾನು ಹೀಗೆಯೇ ಮಾತಾಡಿಕೊಂಡು ಬಂದೆ.

ನನ್ನನ್ನು ನಾಟಕಕ್ಕೆ ಕರೆದದ್ದೂ ಈ ಸದ್ದಿಗಾಗಿಯೇ. ನಮ್ಮೂರಿನ ಹವ್ಯಾಸಿ ತಂಡಕ್ಕೆ ನಾಟಕ ಕಲಿಸುವವರು ನಿವೃತ್ತ ಮಾಸ್ತರೊಬ್ಬರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೋಯಿತು. "ನನಗ ಕಾಣದ ಸೀನರಿ ತುಗೊಂಡು ಏನು ಮಾಡ್ಲಿ? ಕೇಳೂ ನಾಟಕ ಮಾಡೂಣು" ಎಂದರು. ಹಾಗೆ ಶುರುವಾಯಿತು. ವೇಷವಿಲ್ಲ, ಬಣ್ಣವಿಲ್ಲ. ಜನರೆದುರು ಮೈಕು ಇಟ್ಟುಕೊಂಡು ಕೂತು ದನಿಯಲ್ಲೇ ಎಲ್ಲ ಆಡಬೇಕು. ಸದ್ದುಗಳನ್ನೂ ಅಲ್ಲೇ ಹುಟ್ಟಿಸಬೇಕು. ಮೊರದಲ್ಲಿ ಗೋವಿನಜೋಳ ಆಡಿಸಿದರೆ ಮಳೆ, ತೆಂಗಿನ ಚಿಪ್ಪು ಕುಟ್ಟಿದರೆ ಎತ್ತಿನ ಹೆಜ್ಜೆ. ಪಕ್ಕದಲ್ಲೊಂದು ಮೊಬೈಲು ನಿಲ್ಲಿಸಿ, ಮನೆಯಲ್ಲಿ ಕೂತವರಿಗೂ ನೇರವಾಗಿ ಕೇಳಿಸುತ್ತಿದ್ದರು.

ತಾಲೀಮು ನಮ್ಮ ಮನೆಯ ಅಂಗಳದಲ್ಲೇ ನಡೆಯುತ್ತಿತ್ತು, ಏಕೆಂದರೆ ತಂಡದ ಅಧ್ಯಕ್ಷರು ನನ್ನ ಗಂಡನ ಅಣ್ಣ. ಒಂದು ದಿನ ನಾನು ಚಹಾ ತಂದಿಡುವಾಗ, ತಂಡದಲ್ಲಿ ಸದ್ದು ಹುಟ್ಟಿಸುವ ಸದ್ದಿನವನು ರೊಟ್ಟಿ ಬಡಿಯುವುದೆಂದು ತನ್ನ ತೊಡೆ ಬಡಿದುಕೊಳ್ಳುತ್ತಿದ್ದ. ನನಗೆ ನಗು ತಡೆಯಲಾಗಲಿಲ್ಲ.

"ಮಾಸ್ತರ, ಇದು ರೊಟ್ಟಿ ಅಲ್ರಿ. ಸೊಳ್ಳಿ ಹೊಡ್ಯಾಕತ್ತಾರ ಅವರು."

"ಹಂಗಾದ್ರ ನೀನ ಬಡದು ತೋರಸವಾ ತಂಗಿ" ಎಂದರು ಮಾಸ್ತರು. ಮಣೆ ತಂದು ಬಡಿದೆ. ಅವರು ಕಿವಿ ಇತ್ತ ತಿರುಗಿಸಿ ಕೂತರು. ರೊಟ್ಟಿ ಮುಗಿದ ಮೇಲೆ ನಾಟಕದಲ್ಲಿ ರೊಟ್ಟಿ ಬಡಿಯುವ ಹೆಣ್ಣಿನ ಮಾತುಗಳನ್ನೂ ನನ್ನಿಂದಲೇ ಹೇಳಿಸಿದರು.

ನಾಟಕ ಹೀಗಿತ್ತು. ಹೆಂಗಸರು ಕೆರೆಗೆ ಹೋಗುವ ದಾರಿಯನ್ನು ಊರಿನ ಗೌಡ ಮುಚ್ಚಿಸುತ್ತಾನೆ. ಒಬ್ಬಳ ಗಂಡ ಹೆದರಿ ಅದಕ್ಕೆ ಸಹಿ ಹಾಕಿ ಬರುತ್ತಾನೆ. ಆತ ಸಬೂಬು ಹೇಳುವಷ್ಟು ಹೊತ್ತೂ ಹೆಂಡತಿ ಬಾಯಿ ಬಿಡುವುದಿಲ್ಲ, ಬರೀ ರೊಟ್ಟಿ ಬಡಿಯುತ್ತಾಳೆ. ಆಮೇಲೆ ಎದ್ದು ಗೌಡನ ಬಾಗಿಲಿಗೇ ಹೋಗುತ್ತಾಳೆ. ಗೌಡನ ಪಾತ್ರ ನಮ್ಮ ಭಾವನದು. ಅವರ ಗಂಟಲು ದೊಡ್ಡದು, ಅದರ ಮೇಲೆ ಅವರಿಗಿದ್ದ ಅಭಿಮಾನ ಅದಕ್ಕಿಂತ ದೊಡ್ಡದು.

ಅಲ್ಲಿಯವರೆಗೆ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ರಂಗದ ಮೇಲೆ ಅವರನ್ನು ತಾಯಿ ಎಂದು ಕರೆದು ಕಾಲಿಗೆ ಬೀಳುತ್ತಿದ್ದ ಭಾವ, ಊಟಕ್ಕೆ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ಆ ತಾಟುಗಳನ್ನು ಹೊರಗೆ ಒಯ್ದು ಕೊಟ್ಟವಳು ನಾನೇ. ಈಗ ನೆನೆದರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಮನೆಯ ಸೊಸೆ ಪಾತ್ರ ಮಾಡುತ್ತಾಳೆಂದಾಗ ಭಾವ ಎರಡು ದಿನ ಉಣ್ಣುವಾಗ ಮಾತಾಡಲಿಲ್ಲ. ಮೂರನೆಯ ದಿನ ತೀರ್ಪು ಕೊಟ್ಟರು: "ದನಿ ಕೇಳಲಿ. ಮಾರಿ ಕಾಣಬಾರ್ದು. ಪಡದೆ ಕಟ್ಟಿ ಹಿಂದ ಕುಂದರಸ್ರಿ."

ಮಾಸ್ತರು ಅಡ್ಡ ಬರುತ್ತಾರೆಂದು ಕಾದೆ. ಅವರು ನಕ್ಕು, "ನನಗೇನವಾ, ಪಡದೆ ಇದ್ರೂ ಅಷ್ಟ, ಇಲ್ಲಂದ್ರೂ ಅಷ್ಟ" ಎಂದರು. ಆ ನಗು ನನಗೆ ಹಿಡಿಸಲಿಲ್ಲ. ಆದರೂ ಒಪ್ಪಿದೆ. ಮೈಕಿನಲ್ಲಿ ನನ್ನ ದನಿ ಕೇಳಿದಾಗಿನಿಂದ ಅದನ್ನು ಬಿಟ್ಟುಕೊಡುವ ಶಕ್ತಿ ನನಗಿರಲಿಲ್ಲ.

ಹಿರೇಕೆರೂರಿನಲ್ಲಿ ಮೊದಲ ಪ್ರಯೋಗ ಸುಸೂತ್ರವಾಗಿ ಮುಗಿಯಿತು. ಪರದೆಯ ಹಿಂದೆ ಯಾರಿದ್ದಾರೆಂದು ಊರಿಗೆಲ್ಲ ಗೊತ್ತು. ಬೀಗರು, ಓಣಿಯವರು, ಹಾಲಿನವಳು, ಎಲ್ಲರೂ ಬಟ್ಟೆಯ ಕಡೆ ನೋಡಿಯೇ ಚಪ್ಪಾಳೆ ತಟ್ಟಿದರು. ಮರ್ಯಾದೆ ಉಳಿಯಿತು, ನಾಟಕವೂ ಆಯಿತು ಎಂದು ಭಾವ ಮೀಸೆ ತಿರುವಿದರು. ಪರ ಊರಿನಲ್ಲಿ ಇದೇ ಪರದೆ ಏನು ಮಾಡುತ್ತದೆಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಎರಡನೆಯ ಪ್ರಯೋಗ ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ, ಹೊಲದ ಕೆಲಸ ಮುಗಿಸಿ ಬಂದ ಜನರ ಮುಂದೆ. ಅಲ್ಲಿ ನಾನು ಯಾರ ಸೊಸೆಯೂ ಅಲ್ಲ. ತಂಡದ ಗಂಡಸರು ಜನರ ಎದುರಿಗೆ ಕೂತಿದ್ದಾರೆ, ಹೆಣ್ಣಿನ ದನಿ ಮಾತ್ರ ಎಲ್ಲಿಂದಲೋ ಬರುತ್ತಿದೆ. ನಾನು ನಾಲ್ಕು ಮಾತು ಆಡಿದ್ದೆನೋ ಇಲ್ಲವೋ, ನಡುವಿನಿಂದ ಒಬ್ಬ ಎದ್ದು ನಿಂತ.

"ಏ, ಇದು ರಿಕಾರ್ಡ್ ಐತ್ರಿ! ಒಳಗ ಮೊಬೈಲ್ ಹಚ್ಚಿಟ್ಟಾರ. ನಾಟಕ ಅಂತ ಕರದು ನಮ್ಮನ್ನ ಮಂಗ್ಯಾ ಮಾಡಾಕತ್ತಾರ!"

ಹೌದ್ಹೌದೆಂದು ಹತ್ತು ದನಿ ಎದ್ದವು. ಹೆಂಗಸರು ಮಕ್ಕಳನ್ನು ಕಂಕುಳಿಗೇರಿಸಿ ಹೊರಡತೊಡಗಿದರು. ಭಾವ ಎದ್ದು, "ಇಲ್ರಿ, ಖರೇನ ಹೆಣ್ಮಗಳು ಕುಂತಾಳ್ರಿ ಒಳಗ" ಎಂದರು.

"ಹಂಗಾದ್ರ ಪಡದೆ ಸರಸ್ರಿ, ನೋಡೂಣು."

ಬಟ್ಟೆಯ ಸಂದಿಯಿಂದ ನನಗೆ ಭಾವನ ಕೈ ಕಾಣುತ್ತಿತ್ತು. ಮಾತುಗಳ ಹಾಳೆಯನ್ನು ಮಡಿಚುತ್ತಿದ್ದರು. ನಾಟಕ ಸುಳ್ಳೆನಿಸಿಕೊಂಡರೂ ಅವರಿಗೆ ಚಿಂತೆಯಿಲ್ಲ, ನಾನು ಕಾಣಬಾರದು. ಎದ್ದು ಪರದೆಯನ್ನು ಹಿಡಿದೆಳೆದೆ. ಸರಿಸಬೇಕೆಂದಷ್ಟೇ ಇದ್ದೆ, ಹಗ್ಗ ಸಮೇತ ಕಿತ್ತು ಬಂದು ಸದ್ದಿನವನ ತಲೆಯ ಮೇಲೆ ಬಿತ್ತು. ಅವನ ಮೊರದ ಗೋವಿನಜೋಳ ಸಭೆಯ ತುಂಬ ಚೆಲ್ಲಿತು. ನಾನು ಮಣೆ ಎತ್ತಿಕೊಂಡು ಬಂದು ಭಾವನ ಎದುರಿನ ಮೈಕಿನ ಮುಂದೆ ಕೂತೆ.

"ರಿಕಾರ್ಡ್ ಅಂದಾವ್ರು ಯಾರ್ರಿ? ರೊಟ್ಟಿ ಹೆಂಗ ಬಡೀಲಿ ಹೇಳ್ರಿ, ಬಡೀತೇನಿ."

ಮುಂದಿನ ಸಾಲಿನ ಮುದುಕಿಯೊಬ್ಬಳು ಸೆರಗು ಸರಿಮಾಡಿಕೊಂಡು, "ಎರಡು ಬಡಿಯವ್ವಾ. ಮನಸ ನೆಟ್ಟಗಿದ್ದಾಗಿಂದು ಒಂದು, ಕೆಟ್ಟಾಗಿಂದು ಒಂದು" ಎಂದಳು.

ಬಡಿದೆ. ಎರಡನೆಯದಕ್ಕೆ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹೊರಟವರು ಮಕ್ಕಳನ್ನು ಇಳಿಸಿ ಮತ್ತೆ ಕೂತರು. ಮೊದಲು ಎದ್ದು ಕೂಗಿದವನೂ ಕೂತ. ನಾಟಕ ಮುಂದೆ ಸಾಗಿತು. ಅಲ್ಲಿಯವರೆಗೆ ಬಟ್ಟೆಗೆ ಹೇಳುತ್ತಿದ್ದ ಮಾತನ್ನು ಆ ಸಂಜೆ ಭಾವನ ಮುಖ ನೋಡಿ ಹೇಳಿದೆ: "ದಾರಿ ಯಾರಪ್ಪನ ಆಸ್ತೀನೂ ಅಲ್ರಿ ಗೌಡ್ರ. ನಾವು ಇದ ದಾರೀಲೆ ಹೋಗ್ತೇವಿ." ಹಾಳೆ ಕೈಯಲ್ಲಿದ್ದರೂ ಭಾವನಿಗೆ ಮುಂದಿನ ಮಾತು ಸಿಗಲಿಲ್ಲ. ಜನ ಅದನ್ನೂ ಅಭಿನಯವೆಂದುಕೊಂಡು ಚಪ್ಪಾಳೆ ಹೊಡೆದರು.

ಮರುದಿನ ಬೆಳಿಗ್ಗೆ ತಾಟಿನ ಮುಂದೆ ಕೂತು ಭಾವ ಶುರುಮಾಡಿದರು. "ಇದ ಕಡೀದು. ನಿನ್ನೆ ನಮ್ಮ ಮನಿ ಮರ್ಯಾದಿ ಮಂದಿ ಮುಂದ ಕುಂತಿತ್ತು."

"ಕುಂತ ಮ್ಯಾಲ ಅದಕ್ಕ ಏನೂ ಆಗಿಲ್ಲಲ್ರಿ ಭಾವಾರ. ಮುಂದಿನ ನಾಟಕಕ್ಕ ಶಿಗ್ಗಾವಿಗೂ ಹೋಗ್ತೇನಿ ನಾನು."

"ನೀ ಹೋದ್ರ ನಾ ಬರಂಗಿಲ್ಲ."

"ನಿಮ್ಮ ಇಷ್ಟರಿ."

ತಾಟು ದೂಡಿ ಎದ್ದು ಹೋದರು. ನನ್ನ ಗಂಡ ಅಣ್ಣ ಹೋದ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಇನ್ನೊಂದು ರೊಟ್ಟಿ ಹಾಕು ಎಂದ. ಒಳಗೆ ಹೋಗಿ ಅತ್ತುಬಿಟ್ಟೆ. ಹೆದರಿ ಅತ್ತದ್ದಲ್ಲ. ಇಷ್ಟು ಹೇಳಲು ಇಪ್ಪತ್ತು ವರ್ಷ ಹಿಡಿಯಿತಲ್ಲ ಎಂಬ ಸಿಟ್ಟಿಗೆ ಅತ್ತೆ.

ಶಿಗ್ಗಾವಿಗೆ ಭಾವ ಬರಲಿಲ್ಲ. ಗೌಡನ ಮಾತುಗಳೆಲ್ಲ ಮಾಸ್ತರಿಗೆ ಬಾಯಿಪಾಠ, ಅವರೇ ಆಡುತ್ತೇನೆಂದರು. ಪರದೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾಟಕಕ್ಕೆ ಮೊದಲು ಪಾತ್ರಧಾರಿಗಳನ್ನು ಪರಿಚಯಿಸಬೇಕು. ಮಾಸ್ತರು ಮೈಕಿನ ಮುಂದೆ ಕೂತು ನನ್ನ ಕಡೆ ವಾಲಿದರು.

"ನಿನ್ನ ಹೆಂಗ ಹೇಳ್ಲಿ ತಂಗಿ? ಇಂಥಾ ಮನೆತನದ ಸೊಸಿ ಅಂದ್ರ ಮಂದಿಗೆ ಗೊತ್ತಾಗತೈತಿ."

"ಮನೆತನ ಬ್ಯಾಡ್ರಿ ಮಾಸ್ತರ. ನನ್ನ ಹೆಸರು ಹೇಳ್ರಿ."

ಅವರು ತಡವರಿಸಿದರು. ತಿಂಗಳುಗಟ್ಟಲೆ ತಾಲೀಮು ಮಾಡಿಸಿದ್ದರು, ಒಮ್ಮೆಯೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. "ತಪ್ಪು ತಿಳೀಬ್ಯಾಡವಾ" ಎಂದರು ಮೆಲ್ಲಗೆ, "ಏನು ನಿನ್ನ ಹೆಸರು?"

ಹೇಳಿದೆ. ಮೈಕು ಆಗಲೇ ಚಾಲೂ ಇತ್ತು. ಹೆಸರು ಕಂಬದ ಲೌಡ್‌ಸ್ಪೀಕರಿನಿಂದ ಹೊರಟು ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರ ತನಕ ಕೇಳಿಸಿತು. ಗಾಬರಿಯಾಗಿ ಮೈಕು ಆರಿಸಲು ಬಂದ ಸದ್ದಿನವನ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ. ಮತ್ತೊಮ್ಮೆ ಹೇಳಿದೆ, ಮೊದಲಿಗಿಂತ ಜೋರಾಗಿ.