ಮೈಕಿನ ಎದುರು ಬಂಗುಡೆ

ಮೊನ್ನೆ ಮೊಮ್ಮಗಳು ಪೇಟೆಯಿಂದ ಒಂದು ಗೋಲಿಸೋಡ ತಂದಳು. ಈಗ ಅದು ಮತ್ತೆ ಫ್ಯಾಶನ್ ಅಂತೆ. ತಂದದ್ದೇನೋ ಸರಿ, ತೆಗೆಯುವುದು ಹೇಗೆಂದು ಅವಳಿಗೆ ಗೊತ್ತಿಲ್ಲ. ಹೆಬ್ಬೆರಳಿಟ್ಟು ಒತ್ತಿ ಒತ್ತಿ ಬೆರಳು ಕೆಂಪು ಮಾಡಿಕೊಂಡು, "ಅಜ್ಜಿ, ಇದು ಹಾಳಾಗಿದೆ" ಎಂದಳು. ನಾನು ಬಾಟಲಿಯ ಬಾಯಿಗೆ ಅಂಗೈಯ ಬುಡ ಇಟ್ಟು ಒಂದು ಗುದ್ದು ಕೊಟ್ಟೆ. 'ಕೀಂಯ್' ಎಂದು ಗೋಲಿ ಕೆಳಗಿಳಿಯಿತು. ಮನೆಯವರೆಲ್ಲ ಅಜ್ಜಿ ಏನೋ ಸಾಹಸ ಮಾಡಿದಳೆಂಬಂತೆ ನೋಡಿದರು. ನನಗೆ ಮಾತ್ರ ಆ ಸದ್ದಿನ ಹಿಂದೆಯೇ ನಮ್ಮವರ ಗಂಟಲು ಕೇಳಿಸಿದ ಹಾಗಾಯಿತು.

ನಮ್ಮವರಿಗೆ ಬಂಟ್ವಾಳ ಪೇಟೆಯಲ್ಲಿ ಸೋಡದ ಫ್ಯಾಕ್ಟರಿ ಇತ್ತು. ಫ್ಯಾಕ್ಟರಿ ಎಂದಾಕ್ಷಣ ಹೊಗೆಗೂಡು ಕಲ್ಪಿಸಿಕೊಳ್ಳಬೇಡಿ. ಒಂದು ಕೋಣೆ, ಒಂದು ತಿರುಗಿಸುವ ಯಂತ್ರ, ಅದನ್ನು ತಿರುಗಿಸಲು ನಮ್ಮವರು. ಮದುವೆಯಾಗಿ ಬೆಳ್ತಂಗಡಿಯಿಂದ ಬಂದ ಮೊದಲ ವಾರದಲ್ಲೇ ನನಗೆ ತಿಳಿಯಿತು, ಇವರಿಗೆ ಸೋಡ ಹೊಟ್ಟೆಪಾಡು, ಭಾಷಣ ಪ್ರಾಣ. ದೇವರಿಲ್ಲ, ದೈವವಿಲ್ಲ, ಮಂತ್ರವೆಲ್ಲ ಬೊಗಳೆ ಎಂದು ನಾಲ್ಕು ಜನ ಸೇರಿದಲ್ಲಿ ಎದ್ದು ನಿಲ್ಲುವರು. ಆದರೆ ನಾಲ್ಕು ಜನ ಸೇರುವುದೆಲ್ಲಿ? ಪೊಳಲಿಯ ಉತ್ಸವದಲ್ಲಿ, ಉರೂಸಿನಲ್ಲಿ, ಇಗರ್ಜಿಯ ಹಬ್ಬದಲ್ಲಿ. ಸೋಡ ಖರ್ಚಾಗುವುದೂ ಅಲ್ಲಿಯೇ. ದೇವರಿಲ್ಲ ಎಂದು ಕೂಗಿ ಕೂಗಿ ದೇವರ ಕೃಪೆಯಿಂದ ಸೋಡ ಮಾರಿ ಮನೆಗೆ ಬರುತ್ತಿದ್ದರು. ಇದನ್ನು ನಾನು ಒಮ್ಮೆ ಹೇಳಿದಾಗ, "ನಿನಗೆ ತತ್ತ್ವ ಅರ್ಥ ಆಗುವುದಿಲ್ಲ ಮಾರಾಯ್ತಿ" ಎಂದು ಅನ್ನದ ತಟ್ಟೆ ಎಳೆದುಕೊಂಡರು.

ಅವರಿಗಿದ್ದ ದೊಡ್ಡ ದುಃಖ ಯಾವುದು ಗೊತ್ತೇ? ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಭಟ್ಟರು ಭಾಷಣ ಪೂರ್ತಿ ಕೇಳಿ, "ಈ ಸಲ ನಮ್ಮ ದಕ್ಷಿಣೆಯ ಬಗ್ಗೆ ಸ್ವಲ್ಪ ಕಡಿಮೆಯಾಯ್ತು" ಎಂದು ಸೋಡ ಕುಡಿದು ಹೋಗುತ್ತಿದ್ದರು. ಉರೂಸಿಗೆ ಬಂದ ಒಬ್ಬ ಬ್ಯಾರಿ ವ್ಯಾಪಾರಿಯಂತೂ, "ಸೋಡದವರೇ, ಇವತ್ತು ನಮಗೆ ಒಂದು ಬೈಗುಳವೂ ಇಲ್ಲವಾ? ನಾವು ಎಂತ ಪಾಪ ಮಾಡಿದ್ದು?" ಎಂದು ಕೇಳಿದ್ದ. ಎರಡು ಕಲ್ಲು ಬಿದ್ದರೂ ಸುಧಾರಕನೆನಿಸಿಕೊಳ್ಳಬಹುದಿತ್ತು. ಕಲ್ಲಿನ ಬದಲು ಜನ ಸೋಡದ ಚಿಲ್ಲರೆ ಕೊಡುತ್ತಿದ್ದರು.

ಅರವತ್ತರ ದಶಕದ ಆರಂಭದಲ್ಲಿ ನಾವು ಮೂಡಬಿದ್ರೆಗೆ ಬಂದೆವು. ಬಸದಿಗೆ ಹೋಗುವ ಬೀದಿಯಲ್ಲಿ ಪಾಯಪ್ಪ ಹೆಗ್ಡೆಯವರ ಕಟ್ಟಡ. ಎದುರು ಸೋಡದ ಅಂಗಡಿ, ಹಿಂದೆ ನಮ್ಮ ಬಿಡಾರ. ಹೆಗ್ಡೆಯವರು ಜೈನರು, ಮಾತು ಕಡಿಮೆ, ಕಣ್ಣಲ್ಲೇ ನಗುವವರು. ಅವರ ಅಕ್ಕ ಪದುಮಕ್ಕ ವಿಧವೆ, ತಮ್ಮನ ಮನೆಯಲ್ಲೇ ಇದ್ದರು. ಎರಡು ಮನೆಗಳ ನಡುವೆ ಒಂದು ಬಾವಿ ಮಾತ್ರ. ಪದುಮಕ್ಕ ಸೂರ್ಯ ಮುಳುಗುವ ಮೊದಲೇ ಉಣ್ಣುವವರು. ಸಂಜೆ ನನ್ನ ಹತ್ತಿರ ಹರಟುತ್ತಾ ಥಟ್ಟನೆ ಆಕಾಶ ನೋಡಿ, "ಅಯ್ಯೋ, ಇವನು ನನಗಾಗಿ ಕಾಯುವವನಲ್ಲ" ಎಂದು ಓಡುತ್ತಿದ್ದರು. ನನ್ನ ಎರಡನೆಯ ಹೆರಿಗೆ ಆಟಿ ತಿಂಗಳ ಜಡಿಮಳೆಯಲ್ಲಿ. ಬೆಳ್ತಂಗಡಿಯ ರಸ್ತೆ ನೀರಿನಲ್ಲಿ ಮುಳುಗಿ ಅಮ್ಮನಿಗೆ ಬರಲಾಗಲಿಲ್ಲ. ನನಗೆ ಬಿಸಿನೀರು ಕಾಯಿಸಿ ಎರೆದದ್ದು, ಮಗುವಿಗೆ ಎಣ್ಣೆ ತಿಕ್ಕಿದ್ದು ಪದುಮಕ್ಕ.

ಭಾದ್ರಪದದಲ್ಲಿ ಜೈನರಿಗೆ ಹತ್ತು ದಿನದ ಪರ್ವ. ಉಪವಾಸ, ಪೂಜೆ. ಆ ಹತ್ತು ದಿನ ಮೀನಿನ ಬುಟ್ಟಿಯವಳು ತಾನಾಗಿಯೇ ಈ ಬೀದಿ ಬಿಟ್ಟು ಹಿಂದಿನ ದಾರಿಯಲ್ಲಿ ಹೋಗುವುದು ರೂಢಿ. ಯಾರೂ ಹೇಳಿದ್ದಲ್ಲ, ಯಾರೂ ಬರೆದಿಟ್ಟದ್ದಲ್ಲ. ಒಂದು ವರ್ಷ ಬೀದಿಯ ಕೆಲವು ಯುವಕರಿಗೆ ಏನು ಉತ್ಸಾಹ ಬಂತೋ, ಬೀದಿಯ ಬಾಯಿಗೆ ಒಂದು ಬೋರ್ಡು ನೆಟ್ಟರು: ಪರ್ವ ಮುಗಿಯುವ ತನಕ ಈ ಬೀದಿಗೆ ಮೀನು ತರಕೂಡದು.

ನಮ್ಮವರು ಅದರ ಎದುರು ತುಂಬಾ ಹೊತ್ತು ನಿಂತರು. ಮನೆಗೆ ಬಂದಾಗ ಮುಖದಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು. ಕೊನೆಗೂ ಒಂದು ಎದುರಾಳಿ ಸಿಕ್ಕಿತಲ್ಲ!

"ಕೇಳಿಕೊಂಡಿದ್ದರೆ ನಾನೇ ಬಂಗುಡೆ ಮೀನು ಬಿಡ್ತಿದ್ದೆ. ತರಕೂಡದು ಅಂದರೆ? ಬೀದಿ ಯಾರ ಅಪ್ಪನದ್ದು?" ಎಂದರು. ಇಲ್ಲಿಯವರೆಗೆ ನಾನೂ ಅವರ ಪಕ್ಷವೇ. ಆಮೇಲೆ ಯೋಜನೆ ಹೊರಬಿತ್ತು. ಪರ್ವದ ಕೊನೆಯ ಸಂಜೆ ಅಂಗಡಿಯ ಜಗಲಿಯಲ್ಲಿ ಸಭೆ, ಬ್ಯಾಟರಿಯ ಮೈಕು, ವಾಕ್‌ಸ್ವಾತಂತ್ರ್ಯದ ಬಗ್ಗೆ ಭಾಷಣ. ಭಾಷಣದ ಕೊನೆಗೆ ಪಂಪ್ ಸ್ಟವ್ ಹಚ್ಚಿ, ಕಾವಲಿ ಇಟ್ಟು, ಬಂಗುಡೆ ಕಾಯಿಸುವುದು. ಮೈಕನ್ನು ಕಾವಲಿಯ ಹತ್ತಿರ ಹಿಡಿಯುವುದು. ಮೀನು ಚುಂಯ್ ಎನ್ನುವುದು ಬಸದಿಯ ಒಳಗೆ ಕೇಳಿಸಬೇಕು!

"ಕಾಯಿಸುವುದು ಯಾರು?" ಎಂದು ಕೇಳಿದೆ.

"ನೀನಲ್ಲದೆ ಮತ್ತೆ ಯಾರು?" ಎಂದರು, ನಾನು ದಡ್ಡಿ ಎಂಬಂತೆ. ಹಕ್ಕು ಅವರದ್ದು, ಮಸಾಲೆ ಅರೆಯುವ ಕೈ ನನ್ನದು. ಸ್ವಾತಂತ್ರ್ಯದಲ್ಲಿಯೂ ಅಡುಗೆ ಹೆಂಗಸರಿಗೇ.

ಸಭೆಯ ದಿನ ಮಧ್ಯಾಹ್ನ ಹೆಗ್ಡೆಯವರು ಬಂದರು. ಬಿಡಾರ ಖಾಲಿ ಮಾಡಿ ಎನ್ನುತ್ತಾರೆಂದೇ ಎಣಿಸಿದೆ. ಅವರು ಜಗಲಿಯಲ್ಲಿ ಕೂತು ಮೆಲ್ಲಗೆ ಹೇಳಿದರು, "ಬೋರ್ಡು ನನಗೂ ಸರಿ ಕಾಣುವುದಿಲ್ಲ. ಮಾತಾಡಿ, ನಾನೇ ಎದುರು ಕುರ್ಚಿ ಹಾಕಿ ಕೂರ್ತೇನೆ. ಮೀನೊಂದು ಬೇಡ."

"ಮೀನೂ ನನ್ನ ಮಾತೇ" ಎಂದರು ಇವರು.

"ಹೌದಾ? ನನ್ನ ಇಷ್ಟು ವಯಸ್ಸಿನಲ್ಲಿ ಮೀನು ಮಾತಾಡಿದ್ದು ಕೇಳಿಲ್ಲಪ್ಪ" ಎಂದು ಹೆಗ್ಡೆಯವರು ಎದ್ದು ಹೋದರು.

ನಾನು ಬಾವಿ ದಾಟಿ ಪದುಮಕ್ಕನ ಹತ್ತಿರ ಹೋದೆ. ಉಪವಾಸದಿಂದ ಬಳಲಿ ಚಾಪೆಯಲ್ಲಿ ಮಲಗಿದ್ದರು. ಸುದ್ದಿ ನನಗಿಂತ ಮೊದಲೇ ತಲುಪಿತ್ತು. "ನಿನ್ನ ಗಂಡ ಒಳ್ಳೆಯವರೇ. ಒಳಗೆ ಗ್ಯಾಸು ಸ್ವಲ್ಪ ಜಾಸ್ತಿ ತುಂಬಿದೆ" ಎಂದು ನಕ್ಕರು. ಮತ್ತೆ ನಗು ನಿಲ್ಲಿಸಿ, "ವಾಸನೆ ಬಂದರೆ ನನ್ನ ವ್ರತ ಎಂತ ಹಾಳಾಗುವುದಿಲ್ಲ. ನೀನು ದಿನಾ ಕಾಯಿಸುವವಳೇ, ನನಗೆ ಗೊತ್ತಿಲ್ಲವಾ? ಆದರೆ ನಮಗೆ ನೋಯಲಿ ಅಂತಲೇ ಕಾಯಿಸಿದರೆ, ಆಗ ನೋಯುತ್ತದೆ" ಎಂದರು. ನಾನು ಮನೆಗೆ ಬಂದು ಮಸಾಲೆ ಅರೆಯಲು ಕೂತೆ.

ಸಂಜೆಗೆ ಜನ ಸೇರಿದರು. ಬೀದಿಯವರು ಒಂದು ಬದಿ. ಇನ್ನೊಂದು ಬದಿ, ನಾನು ಎಂದೂ ನೋಡದ ಏಳೆಂಟು ಗಂಡಸರು, ಬಸ್ಸಿನಲ್ಲಿ ಬಂದವರು. ನಮ್ಮವರಿಗೆ ಹೆಮ್ಮೆ: "ನೋಡು, ಎಲ್ಲೆಲ್ಲಿಂದ ಬೆಂಬಲ ಬಂದಿದೆ!" ಆ ಬೆಂಬಲದಲ್ಲೊಬ್ಬ ನೀರು ಕೇಳಲು ಒಳಗೆ ಬಂದವನು ಕುಡಿದು ಲೋಟ ಕೊಡುತ್ತಾ, "ಅಕ್ಕ, ಹೆಗ್ಡೆಯ ಮನೆಗೆ ಹಿಂದಿನಿಂದ ದಾರಿ ಉಂಟಾ?" ಎಂದು ಕೇಳಿದ. ಅವನ ಕಣ್ಣಲ್ಲಿ ಸ್ವಾತಂತ್ರ್ಯವೂ ಇರಲಿಲ್ಲ, ಬಂಗುಡೆಯೂ ಇರಲಿಲ್ಲ. ಇಲ್ಲವೆಂದೆ, ಅವನು ಹೋದದ್ದೇ ಹಿಂಬಾಗಿಲಿನ ಅಗಳಿ ಹಾಕಿದೆ.

ಭಾಷಣ ಮಾತ್ರ ಚೆನ್ನಾಗಿಯೇ ಆಯಿತು. ಭಯದಲ್ಲೂ ನನಗೆ ಹೆಮ್ಮೆಯೆನಿಸಿತು. ಕೇಳಿಕೊಳ್ಳುವುದಕ್ಕೂ ಅಪ್ಪಣೆ ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ವಿವರಿಸಿದಾಗ, ಕುರ್ಚಿ ಹಾಕಿ ಕೂತಿದ್ದ ಹೆಗ್ಡೆಯವರು ತಲೆಯಾಡಿಸಿದರು. ಬೋರ್ಡು ನೆಟ್ಟ ಯುವಕರು ಕಾಲಬೆರಳು ನೋಡಿಕೊಂಡರು. ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚಂದವಿತ್ತು! ಆದರೆ ಭಾಷಣಕಾರನಿಗೆ ನಿಲ್ಲಿಸುವ ಜಾಗ ಕಾಣುವುದಿಲ್ಲ. "ಈಗ ನೋಡಿ!" ಎಂದು ನನ್ನನ್ನು ಕರೆದರು.

ಮಸಾಲೆ ಹಚ್ಚಿದ ಮೀನಿನ ಪಾತ್ರೆ ಹಿಡಿದು ಹೊರಗೆ ಬಂದೆ. ಪಾತ್ರೆಯನ್ನು ಸ್ಟವ್ವಿನ ಪಕ್ಕ ಇಟ್ಟೆ. ಆಮೇಲೆ ಏನಾಯಿತೋ, ಅವರ ಕೈಯಿಂದ ಮೈಕು ತೆಗೆದುಕೊಂಡೆ.

ಆಗೆಲ್ಲ ಮೈಕಿನ ಎದುರು ಕನ್ನಡವೇ ಮಾತಾಡಬೇಕು. ತುಳು ಎಂದರೆ ಮನೆಯಲ್ಲಿ ಉಡುವ ಬಟ್ಟೆಯ ಹಾಗೆ. "ಮಾನ್ಯರೇ" ಎಂದು ಶುರುಮಾಡಿದೆ. ಮುಂದಿನ ಕನ್ನಡ ಬರಲಿಲ್ಲ, ತುಳುವೇ ಬಂತು. "ಬಂಗುಡೆ ನನಗೂ ಇಷ್ಟ. ನಾಳೆಯೂ ಕಾಯಿಸ್ತೇನೆ, ನನ್ನ ಅಡುಗೆಮನೆಯಲ್ಲಿ. ಬೋರ್ಡು ಹಾಕಿದ್ದು ತಪ್ಪು. ಆದರೆ ಆ ಬೋರ್ಡು ಹಾಕಿದ್ದು ಪದುಮಕ್ಕ ಅಲ್ಲ. ನನ್ನ ಬಾಣಂತನ ಮಾಡಿದವರ ಮೂಗಿಗೆ ಬೇಕೆಂದೇ ಹೊಗೆ ಹಿಡಿಯಲಿಕ್ಕೆ ನನ್ನಿಂದ ಆಗುವುದಿಲ್ಲ. ಇವರಿಗೆ ಅಷ್ಟು ಬೇಕಾದರೆ ಇವರೇ ಕಾಯಿಸಲಿ."

ಬಸ್ಸಿನಲ್ಲಿ ಬಂದವರ ಕಡೆಯಿಂದ ಒಬ್ಬ ಕೂಗಿದ, "ಹೆಂಗಸಿನ ಕೈಯಿಂದ ಮೈಕು ತೆಗೀರಿ! ಬಂದ್ ಮಾಡಿ!" ಮೈಕಿನವನ ಕೈ ಗುಂಡಿಯ ಮೇಲೆ ಹೋಯಿತು.

ನಮ್ಮವರ ಮುಖ ಕೆಂಪಾಗಿತ್ತು. ನನ್ನನ್ನು ನೋಡಿದರು, ಅವನನ್ನು ನೋಡಿದರು. "ಬಂದ್ ಮಾಡಬೇಡ!" ಎಂದು ಗುಡುಗಿದರು. "ಅವಳು ಮಾತಾಡಲಿ! ನನ್ನ ಸಭೆಯಲ್ಲಿ ಯಾರ ಬಾಯಿಯೂ ಮುಚ್ಚಿಸಲಿಕ್ಕಿಲ್ಲ!"

ನನ್ನ ಮಾತು ಮುಗಿದಿತ್ತು. ಮೈಕನ್ನು ಅವರಿಗೇ ಹಿಂದೆ ಕೊಟ್ಟೆ.

ಹೆಂಡತಿ ಹೇಳಿದ ಮೇಲೆ ಹಿಂದೆ ಸರಿಯುವುದು ಹೇಗೆ? ನಮ್ಮವರು ಸ್ಟವ್ವಿನ ಎದುರು ಕುಕ್ಕರುಗಾಲಲ್ಲಿ ಕೂತರು. ಅವರಿಗೆ ಒಲೆ ಹಚ್ಚಿ ಗೊತ್ತಿಲ್ಲವೆಂಬುದು ಇಡೀ ಬೀದಿಗೆ ಗೊತ್ತು. ಪಂಪ್ ಮಾಡಿದರು, ಸೀಮೆಎಣ್ಣೆ ಚಿಮ್ಮಿತು. ಕಡ್ಡಿ ಗೀರಿದರು, ಮಳೆಗಾಲದ ಥಂಡಿಗೆ ಮೆತ್ತಗಾದ ಕಡ್ಡಿ, ಹತ್ತಲಿಲ್ಲ. ಇನ್ನೊಂದು ಗೀರಿದರು. ಜನ ನಗಲು ಶುರುಮಾಡಿದರು. ಮೊದಲು ಮಕ್ಕಳು, ಆಮೇಲೆ ಬೋರ್ಡಿನ ಯುವಕರೂ. ಆಗ ಹೆಗ್ಡೆಯವರು ಕುರ್ಚಿಯಿಂದ ಎದ್ದು ಬಂದು, ತಮ್ಮ ಕಿಸೆಯಿಂದ ಬೆಂಕಿಪೊಟ್ಟಣ ತೆಗೆದು ಅವರ ಮುಂದೆ ಹಿಡಿದರು. "ಇದು ಒಣಗಿದ್ದು ಉಂಟು. ತಗೊಳ್ಳಿ."

ನಮ್ಮವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತರು. ಬೇಡ ಎಂದವರ ಎದುರು ಬೆಂಕಿ ಹಚ್ಚುವುದು ಸುಲಭವಿತ್ತು, ಅವರೇ ಕೊಟ್ಟ ಕಡ್ಡಿಯಿಂದ ಹಚ್ಚುವುದು ಹೇಗೆ? ಕೊನೆಗೆ ಎದ್ದು, ಪೊಟ್ಟಣ ಹಿಂದೆ ಕೊಟ್ಟು, "ಸಭೆ ಮುಗಿಯಿತು. ಎಲ್ಲರಿಗೂ ಸೋಡ ಉಂಟು" ಎಂದರು.

ಬಸ್ಸಿನಲ್ಲಿ ಬಂದವರು ಸೋಡ ಕುಡಿದು, ಇಷ್ಟು ದೂರ ಬಂದದ್ದು ದಂಡ ಎಂದು ಗೊಣಗುತ್ತಾ ಹೋದರು. ಗಲಾಟೆಯಲ್ಲಿ ಮೀನಿನ ಪಾತ್ರೆ ಎಲ್ಲರೂ ಮರೆತಿದ್ದೆವು. ಆ ಬೀದಿಯಲ್ಲಿ ಅಂದು ಪೂರ್ಣ ಸ್ವಾತಂತ್ರ್ಯ ಅನುಭವಿಸಿದವು ಎರಡು ಬೆಕ್ಕುಗಳು ಮಾತ್ರ.

ನಮ್ಮವರು ಕೆಲವು ದಿನ ನನ್ನ ಹತ್ತಿರ ಮಾತು ಬಿಟ್ಟರು. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ಬೋರ್ಡು ಯಾವಾಗ ಹೋಯಿತೋ ತಿಳಿಯದು. ಮರುವರ್ಷ ಆ ಯುವಕರಲ್ಲಿ ಇಬ್ಬರು ಪರ್ವಕ್ಕೆ ಮುಂಚೆ ಅಂಗಡಿಗೆ ಬಂದು ಮೀನು ಬೇಡವೆಂದು ಕೇಳಿಕೊಂಡರು. ಇವರು ಅವರನ್ನು ಕೂರಿಸಿ, ದೇವರಿಲ್ಲವೆಂದು ಸಾಧಿಸಿ, ಅವರು ಆಕಳಿಸತೊಡಗಿದ ಮೇಲೆ, "ಆಯಿತು, ಹತ್ತು ದಿನ ತಾನೆ" ಎಂದು ಒಪ್ಪಿದರು.

ಇಷ್ಟನ್ನು ಮೊಮ್ಮಗಳಿಗೆ ಹೇಳಿ, ಮೆಚ್ಚುಗೆಗೆ ಕಾದೆ. ಈ ಕಥೆಯಲ್ಲಿ ಗೆದ್ದವಳು ನಾನೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನಲ್ಲ. ಅವಳು ಹುಬ್ಬು ಗಂಟಿಕ್ಕಿ, "ನೀವು ಮಾಡಿದ್ದು ತಪ್ಪು ಅಜ್ಜಿ. ಒಮ್ಮೆ ಬೋರ್ಡಿಗೆ ಹೆದರಿದರೆ ನಾಳೆ ನಿಮ್ಮ ಅಡುಗೆಮನೆಗೂ ಬೋರ್ಡು ಬರ್ತದೆ. ನಾನಾಗಿದ್ದರೆ ಕಾಯಿಸ್ತಿದ್ದೆ" ಎಂದಳು.

ಮಗ ರೇಗಿದ. "ಅಜ್ಜಿಗೆ ಎದುರು ಮಾತಾಡ್ತೀಯಾ? ಬಾಯಿ ಮುಚ್ಚು!"

ನನಗೂ ಒಳಗೆ ಚುರ್ ಎಂದಿತ್ತು. ಸಭೆಯಲ್ಲಿ ಕೆಂಪಾದ ನಮ್ಮವರ ಮುಖದೊಳಗೆ ಏನಿತ್ತೆಂದು ಆ ಹೊತ್ತು ಮೊದಲ ಸಲ ತಿಳಿಯಿತು. ಅಷ್ಟು ಉರಿಯನ್ನು ನುಂಗಿ 'ಅವಳು ಮಾತಾಡಲಿ' ಎನ್ನುವುದು ಸಣ್ಣ ಕೆಲಸವಲ್ಲ.

"ನೀನು ಸುಮ್ಮನಿರು" ಎಂದೆ ಮಗನಿಗೆ. "ಅವಳ ಮಾತು ಇನ್ನೂ ಮುಗಿಯಲಿಲ್ಲ."