ಹಾಸನದ ಬಸ್ಸಿನಲ್ಲಿ ಸೀರೆ ಚೀಲ

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಸೀಬೆಹಣ್ಣು ಕೊಂಡು ಕವರ್ ಕೇಳಿದೆ. ಹಣ್ಣು ಮಾರುವ ಅಮ್ಮ ಹಳೇ ಸೀರೆಯಲ್ಲಿ ಹೊಲಿದ ಚೀಲಕ್ಕೆ ತುಂಬಿಕೊಟ್ಟರು.

“ಕವರ್ ಕೊಡೋದ್ ಬುಟ್ಬುಟ್ಟಿದೀವಿ ಸಾ. ಹಾಸ್ನದಲ್ಲಿ ಇಳಿಯೋವಾಗ ಚೀಲನ ಕಂಡಕ್ಟರ್ ಕೈಗೆ ಕೊಡಿ, ಅದೇ ಬಸ್ಸಲ್ಲಿ ವಾಪಸ್ ಬತ್ತದೆ.”

ನನಗೆ ನಂಬಿಕೆ ಬರಲಿಲ್ಲ. ಆದರೆ ಹಾಸನ ಹತ್ತಿರವಾದಂತೆ ಒಬ್ಬೊಬ್ಬರೂ ಸಾಮಾನನ್ನು ಸೆರಗಿಗೋ ಬುಟ್ಟಿಗೋ ಸುರಿದುಕೊಂಡು ಚೀಲ ಕೊಡತೊಡಗಿದರು. ನೋಡನೋಡುತ್ತಲೇ ಡ್ರೈವರ್ ಹಿಂದಿನ ಕಂಬಿ ತುಂಬ ಬಣ್ಣಬಣ್ಣದ ಸೀರೆ! ಆ ಖುಷಿಯಲ್ಲಿ ನಾನೇ ನನ್ನ ಚೀಲ ಕೊಡದೆ ಇಳಿದುಬಿಟ್ಟೆ.

ಕಂಡಕ್ಟರ್ ಹಿಂದೆಯೇ ಓಡಿಬಂದರು. “ಚೀಲ ಕೊಟ್ಬುಡಿ ಸಾ! ಅದು ನಮ್ಮವ್ವನ ಸೀರೆ ಕಣ್ ಸಾ, ಚೀಲ ಹೊಲಿಯಾಕೆ ನಾನೇ ಕೊಟ್ಟಿದ್ದು.”

ಹಣ್ಣನ್ನೆಲ್ಲ ಟವೆಲ್ಲಿಗೆ ಸುರಿದುಕೊಂಡು ಕೊಟ್ಟೆ. ಅವರು ಅದನ್ನು ಕೊಡವಿ, ಅಂಚು ಕೂಡಿಸಿ ಮಡಚಿ, ಕಂಬಿಗೆ ಹಾಕದೆ ತಮ್ಮ ಜೇಬಿಗಿಟ್ಟುಕೊಂಡರು.